ಬಂಜೆಯಲ್ಲ, ಜೊಳ್ಳು

ವಿಕಿರಣಕ್ಕೋ ರಾಸಾಯನಿಕಕ್ಕೋ ಒಡ್ಡಿದ ಬೀಜದಿಂದ ಹುಟ್ಟಿದ ಗಿಡ ಬಂಜೆಯಾಗುತ್ತದೆ ಎಂಬ ಮಾತು ಕನ್ನಡದ ವಿಜ್ಞಾನ ಬರವಣಿಗೆಯಲ್ಲಿ ಸಲೀಸಾಗಿ ಓಡಾಡಿಕೊಂಡಿದೆ. ತರಗತಿಯ ಟಿಪ್ಪಣಿಗಳಲ್ಲಿ ಅದಿದೆ, ಭಾಷಣಗಳಲ್ಲಿ ಅದಿದೆ. ಅಣುಶಕ್ತಿಯನ್ನು ಬೈಯುವವರ ಬಾಯಲ್ಲೂ ಇದೆ, ಹೊಗಳುವವರ ಬಾಯಲ್ಲೂ ಇದೆ. ಬೈಯುವವರಿಗೆ ಅದು ಪಾಪದ ಫಲ. ಹೊಗಳುವವರಿಗೆ ಪ್ರಗತಿಯ ದಾರಿಯಲ್ಲಿ ಬಿದ್ದ ಒಂದಿಷ್ಟು ಕಸ. ಇಬ್ಬರೂ ಒಪ್ಪಿಕೊಂಡ ಈ ಮಾತನ್ನು ನಾನು ಒಪ್ಪುವುದಿಲ್ಲ. ಅದು ಅರ್ಧ ಸುಳ್ಳು, ಮತ್ತು ಆ ಅರ್ಧ ಸುಳ್ಳು ನಿಂತಿರುವುದು ಒಂದೇ ಒಂದು ಪದದ ಮೇಲೆ. ಆ ಪದವನ್ನು ತೆಗೆದಿಟ್ಟರೆ ವಿಜ್ಞಾನ ತಿಳಿಯುತ್ತದೆ. ಇಟ್ಟುಕೊಂಡರೆ ಗಿಡಕ್ಕೂ ಅನ್ಯಾಯ, ಹೆಣ್ಣಿಗೂ ಅನ್ಯಾಯ.

ಮೊದಲು ಗಿಡದೊಳಗೆ ಏನು ನಡೆಯುತ್ತದೆ ನೋಡೋಣ. 1927ರಲ್ಲಿ ಹರ್ಮನ್ ಮುಲ್ಲರ್ ಎಕ್ಸ್-ಕಿರಣಗಳಿಂದ ಹಣ್ಣುನೊಣದಲ್ಲಿ ಉತ್ಪರಿವರ್ತನೆ ಉಂಟುಮಾಡಬಹುದೆಂದು ತೋರಿಸಿದ. ಮರುವರ್ಷ ಅಮೆರಿಕದ ಮಿಸೌರಿಯಲ್ಲಿ ಲೂಯಿಸ್ ಸ್ಟ್ಯಾಡ್ಲರ್ ಬಾರ್ಲಿಯಲ್ಲಿ ಅದನ್ನೇ ತೋರಿಸಿದ. ಈ ಕಿರಣಗಳು ಮಾಡುವ ಮುಖ್ಯ ಕೆಲಸಗಳಲ್ಲೊಂದು ವರ್ಣತಂತುಗಳನ್ನು ಮುರಿಯುವುದು. ಮುರಿದ ತುದಿಗಳನ್ನು ಜೀವಕೋಶ ಹಾಗೇ ಬಿಡುವುದಿಲ್ಲ, ಬೆಸೆಯಲು ನೋಡುತ್ತದೆ. ಒಂದೇ ಹೊತ್ತಿನಲ್ಲಿ ಎರಡು ಬೇರೆ ಬೇರೆ ವರ್ಣತಂತುಗಳು ಮುರಿದಿದ್ದರೆ ಇದರ ಬಾಲ ಅದಕ್ಕೆ, ಅದರ ಬಾಲ ಇದಕ್ಕೆ ಸೇರಿಕೊಳ್ಳಬಹುದು. ಒಂದೇ ವರ್ಣತಂತು ಎರಡು ಕಡೆ ಮುರಿದರೆ ನಡುವಿನ ತುಂಡು ತಲೆಕೆಳಗಾಗಿ ಕೂರಬಹುದು. ಮೊದಲನೆಯದು ಸ್ಥಾನಾಂತರ, ಎರಡನೆಯದು ವಿಲೋಮ. ತುಂಡೇ ಕಳೆದುಹೋಗುವುದೂ ಉಂಟು. ಅದರ ಮಾತು ಆಮೇಲೆ.

ಇದನ್ನು ಓಲೆಗರಿಯ ಭಾಷೆಯಲ್ಲಿ ಹೇಳಿದರೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇಗ ತಿಳಿದೀತು. ಒಂದು ಮನೆಯಲ್ಲಿ ರಾಮಾಯಣದ ಎರಡು ಕಟ್ಟು, ಭಾರತದ ಎರಡು ಕಟ್ಟು ಇವೆ ಎಂದುಕೊಳ್ಳಿ. ಪ್ರತಿಯೊಂದರಲ್ಲೂ ಒಂದು ತಂದೆಯ ಕಡೆಯಿಂದ ಬಂದದ್ದು, ಒಂದು ತಾಯಿಯ ಕಡೆಯಿಂದ ಬಂದದ್ದು. ಒಂದು ದಿನ ರಾಮಾಯಣದ ಒಂದು ಕಟ್ಟಿನ ದಾರವೂ ಭಾರತದ ಒಂದು ಕಟ್ಟಿನ ದಾರವೂ ಹರಿಯುತ್ತವೆ. ಯಾರೋ ಅವಸರದಲ್ಲಿ ಮರುಜೋಡಿಸಿ ಕಟ್ಟುತ್ತಾರೆ. ಈಗ ಒಂದು ಕಟ್ಟು ಅಶೋಕವನದಿಂದ ನೇರವಾಗಿ ಕುರುಕ್ಷೇತ್ರಕ್ಕೆ ಹಾರುತ್ತದೆ. ಇನ್ನೊಂದು ಕಟ್ಟಿನಲ್ಲಿ ವಿರಾಟನಗರದಿಂದ ಮುಂದೆ ಲಂಕೆ ಬರುತ್ತದೆ. ಆದರೆ ಗಮನಿಸಿ, ಒಂದು ಗರಿಯೂ ಕಳೆದಿಲ್ಲ. ಮನೆಯಲ್ಲಿ ಕುಳಿತು ಓದುವವನಿಗೆ ಎರಡೂ ಕಾವ್ಯಗಳು ಪೂರ್ತಿ ಸಿಗುತ್ತವೆ. ಸ್ಥಾನಾಂತರ ಹೊತ್ತ ಗಿಡವೂ ಹಾಗೆಯೇ. ಎತ್ತರ, ಎಲೆ, ಹೂವು, ಯಾವುದರಲ್ಲೂ ಕೊರತೆ ಕಾಣದಿರಬಹುದು.

ತೊಂದರೆ ಬರುವುದು ಪಾಲು ಹಂಚುವಾಗ. ಪರಾಗ ಅಥವಾ ಅಂಡಕ ತಯಾರಾಗುವಾಗ ಪ್ರತಿಯೊಬ್ಬ ಪಾಲುದಾರನಿಗೂ ಒಂದು ರಾಮಾಯಣ, ಒಂದು ಭಾರತ ಎಂದು ಎರಡೇ ಕಟ್ಟು ಕೊಡಬೇಕು. ಹಂಚುವವನು ನೋಡುವುದು ಕಟ್ಟಿನ ಮೊದಲ ಗರಿಯನ್ನು ಮಾತ್ರ. ಹಳೆಯ ಜೋಡಿ ಒಬ್ಬನಿಗೆ ಹೋದರೆ ಅವನಿಗೆ ಎಲ್ಲವೂ ದೊರೆಯಿತು. ಬದಲಾದ ಎರಡೂ ಕಟ್ಟುಗಳು ಒಟ್ಟಿಗೆ ಇನ್ನೊಬ್ಬನಿಗೆ ಹೋದರೆ ಅವನಿಗೂ ಎಲ್ಲವೂ ದೊರೆಯಿತು, ಕ್ರಮ ಮಾತ್ರ ಬೇರೆ. ಹಳೆಯದೊಂದು, ಹೊಸದೊಂದು ಸೇರಿ ಹೋದರೆ ಕೆಲವು ಗರಿಗಳು ಎರಡೆರಡು, ಕೆಲವು ಗರಿಗಳು ಇಲ್ಲವೇ ಇಲ್ಲ. ಇಂಥ ಪಾಲು ಪಡೆದ ಪರಾಗ ಬದುಕುವುದಿಲ್ಲ, ಅಂಡಕವೂ ಬದುಕುವುದಿಲ್ಲ. ಎರಡೂ ಬಗೆಯ ಹಂಚಿಕೆ ಸುಮಾರು ಸಮಸಮ ನಡೆಯುವುದರಿಂದ ಅರ್ಧದಷ್ಟು ಪರಾಗ, ಅರ್ಧದಷ್ಟು ಅಂಡಕ ನಷ್ಟವಾಗುತ್ತವೆ. ಪ್ರಯೋಗಾಲಯದಲ್ಲಿ ಅಸಿಟೋಕಾರ್ಮಿನ್ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ ಒಂದೇ ಹೂವಿನ ಪರಾಗದಲ್ಲಿ ಅರ್ಧ ದುಂಡಗೆ ಕೆಂಪಗೆ, ಅರ್ಧ ಬಿಳಿಚಿ ಸುಕ್ಕುಗಟ್ಟಿ ಕಾಣುತ್ತವೆ. ಮೆಕ್ಕೆಜೋಳವಾದರೆ ಕಣ್ಣಿಗೇ ಗೊತ್ತಾಗುತ್ತದೆ: ತೆನೆಯ ಉದ್ದಕ್ಕೂ ಅಲ್ಲಲ್ಲಿ ಹಲ್ಲುದುರಿದ ಬಾಯಿ.

ಈಗ ನನ್ನ ವಾದದ ಮೊದಲ ಮೊಳೆ. ಈ ಅರೆಫಲದ ಗಿಡವನ್ನು ಅದರದೇ ಪರಾಗದಿಂದ ಫಲಿಸಲು ಬಿಡಿ. ಹುಟ್ಟುವ ಸಸಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಹಳೆಯ ಕ್ರಮವೇ ಎರಡೂ ಕಡೆಯಿಂದ ಬರುತ್ತದೆ. ಅವು ಪೂರ್ತಿ ಕಾಳು ಕಟ್ಟುತ್ತವೆ. ಅರ್ಧಭಾಗ ತಾಯಿಗಿಡದಂತೆ ಹಳತು ಹೊಸತು ಎರಡನ್ನೂ ಹೊತ್ತು ಅರ್ಧ ಕಾಳು ಕಟ್ಟುತ್ತವೆ. ಉಳಿದ ಕಾಲುಭಾಗಕ್ಕೆ ಹೊಸ ಕ್ರಮವೇ ಎರಡೂ ಕಡೆಯಿಂದ ಬಂದಿರುತ್ತದೆ. ಬಂಜೆ ಎಂಬ ಪದವನ್ನು ನಂಬಿದವನು ಈ ಕೊನೆಯ ಕಾಲುಭಾಗ ಪೂರಾ ಬಂಜೆಯಾಗಿರಬೇಕು ಎಂದುಕೊಳ್ಳುತ್ತಾನೆ. ದೋಷ ಎರಡು ಪಟ್ಟಾಯಿತಲ್ಲ! ನಡೆಯುವುದು ಅದರ ವಿರುದ್ಧ. ಮುರಿತದ ಜಾಗದಲ್ಲಿ ಯಾವ ಮುಖ್ಯ ಜೀನ್ ಕೂಡ ಕೆಟ್ಟಿಲ್ಲವಾದರೆ ಈ ಗಿಡಗಳೂ ತೆನೆ ತುಂಬ ಕಾಳು ಕಟ್ಟುತ್ತವೆ. ಯಾರಿಗೆ ಯಾವ ಕಟ್ಟು ಹೋದರೂ ಲೆಕ್ಕ ತಪ್ಪುವುದಿಲ್ಲ, ಏಕೆಂದರೆ ಮನೆಯಲ್ಲಿರುವುದೆಲ್ಲ ಒಂದೇ ಕ್ರಮದ್ದು. ವಿಲೋಮದಲ್ಲೂ ಇದೇ ನ್ಯಾಯ. ನೆಟ್ಟಗಿನ ತುಂಡು ಮತ್ತು ತಲೆಕೆಳಗಾದ ತುಂಡು ಒಂದೇ ಗಿಡದಲ್ಲಿ ಜೋಡಿಯಾಗಲು ಹೋಗಿ ನಡುವೆ ಕೊಡುಕೊಳ್ಳುವಿಕೆ ನಡೆದಾಗ ಮಾತ್ರ ಕೆಟ್ಟ ಪಾಲುಗಳು ಹುಟ್ಟುತ್ತವೆ. ಎರಡೂ ತಲೆಕೆಳಗಾಗಿದ್ದರೆ ಜಗಳವೇ ಇಲ್ಲ.

ಹಾಗಾದರೆ ದೋಷ ಎಲ್ಲಿದೆ? ಗಿಡದಲ್ಲಿಲ್ಲ. ಹೊಸ ಕ್ರಮದಲ್ಲೂ ಇಲ್ಲ. ಎರಡು ಕ್ರಮಗಳ ನಡುವಿನ ಹಂಚಿಕೆಯಲ್ಲಿದೆ. ಬಂಜೆ ಎಂಬ ನಾಮಪದ ಈ ಸಂಬಂಧವನ್ನು ಒಂದು ಗುಣವನ್ನಾಗಿ ಮಾಡಿ ಗಿಡದ ಹಣೆಗೆ ಅಂಟಿಸುತ್ತದೆ. ಈ ಪದವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಕಾಲು, ಅರ್ಧ, ಕಾಲು ಎಂಬ ಲೆಕ್ಕವನ್ನು ಎಷ್ಟು ಸಲ ಹೇಳಿಕೊಟ್ಟರೂ ಅದು ಒಗಟಾಗಿಯೇ ಉಳಿಯುತ್ತದೆ. ಅವನ ಬುದ್ಧಿಯ ತಪ್ಪಲ್ಲ, ನಾವು ಕೊಟ್ಟ ಪದದ ತಪ್ಪು.

ಇತಿಹಾಸವೂ ಈ ಪದದ ಪರವಾಗಿಲ್ಲ. ಅರೆಫಲತೆ ಬೆಳಕಿಗೆ ಬಂದದ್ದು ಎಕ್ಸ್-ಕಿರಣಗಳ ಕಾಲಕ್ಕಿಂತ ಮೊದಲು. 1914ರಲ್ಲಿ ಫ್ಲಾರಿಡಾದಲ್ಲಿ ಜಾನ್ ಬೆಲಿಂಗ್ ವೆಲ್ವೆಟ್ ಬೀನ್ ಎಂಬ ಬಳ್ಳಿಯ ಮಿಶ್ರತಳಿಗಳಲ್ಲಿ ಅರ್ಧ ಪರಾಗ, ಅರ್ಧ ಅಂಡಕ ಬರಿದಾಗುವುದನ್ನು ವರ್ಣಿಸಿದ. ಆ ಬಳ್ಳಿ ಬೇರೆ ಯಾವುದೂ ಅಲ್ಲ, ನಮ್ಮ ಬೇಲಿಗಳ ಮೇಲೆ ಹಬ್ಬಿ ಮೈ ತುರಿಸುವ ನಸುಗುನ್ನಿಯ ಸಾಕಿದ ರೂಪ. ಅಲ್ಲಿ ಯಾರೂ ಕಿರಣ ಹಾಯಿಸಿರಲಿಲ್ಲ. ವರ್ಣತಂತುಗಳು ತುಂಡು ಬದಲಾಯಿಸಿಕೊಳ್ಳುತ್ತವೆ ಎಂಬ ವಿವರಣೆಗೆ ಬೆಲಿಂಗ್ ಬಂದದ್ದು ಆಮೇಲೆ, ಉಮ್ಮತ್ತಿಯ ಜಾತಿಯ ಗಿಡಗಳನ್ನು ನೋಡುತ್ತ. 1930ರಲ್ಲಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಅರೆಫಲದ ಮೆಕ್ಕೆಜೋಳದಲ್ಲಿ ಈ ಬದಲಾವಣೆಯ ಜಾಗವನ್ನು ಸೂಕ್ಷ್ಮದರ್ಶಕದಡಿ ಕಣ್ಣಾರೆ ತೋರಿಸಿದಳು. ಆಮೇಲೆ ಆಕೆ ಸ್ಟ್ಯಾಡ್ಲರ್ ಕಿರಣ ಹಾಯಿಸಿದ ಮೆಕ್ಕೆಜೋಳದ ವರ್ಣತಂತುಗಳನ್ನೂ ನೋಡಿದಳು. ಹಲ್ಲುದುರಿದ ತೆನೆಯನ್ನು ಕಸವೆಂದು ಎಸೆಯದೆ ಅದು ಏನೋ ಹೇಳುತ್ತಿದೆ ಎಂದು ಓದಿದವರಿಂದ ಈ ಶಾಸ್ತ್ರ ಬೆಳೆಯಿತು.

ಇನ್ನೂ ದೊಡ್ಡ ವ್ಯಂಗ್ಯವೊಂದಿದೆ. ಉತ್ಪರಿವರ್ತನೆಯ ಸಿದ್ಧಾಂತವನ್ನು 1901ರಲ್ಲಿ ಮುಂದಿಟ್ಟ ಹಾಲೆಂಡಿನ ಹ್ಯೂಗೋ ಡಿ ವ್ರೀಸ್ ಅದನ್ನು ಕಟ್ಟಿದ್ದು ಸಂಜೆ ಅರಳುವ ಇನೋಥೆರಾ ಎಂಬ ಗಿಡದ ಮೇಲೆ. ಆ ಗಿಡದ 14 ವರ್ಣತಂತುಗಳಲ್ಲಿ 12 ಒಂದಕ್ಕೊಂದು ತುದಿ ಹಿಡಿದು ಬಳೆಯಂತೆ ನಿಲ್ಲುತ್ತವೆ ಎಂಬುದು ಆಮೇಲೆ ತಿಳಿಯಿತು. ಒಂದಲ್ಲ, ಸಾಲುಸಾಲು ಸ್ಥಾನಾಂತರಗಳನ್ನು ಮೈಯಲ್ಲಿ ಹೊತ್ತ ಗಿಡ ಅದು. ಅವನು ಹೊಸ ಪ್ರಭೇದಗಳೆಂದು ಬಗೆದ ಹಲವು ರೂಪಗಳು ಈ ವಿಚಿತ್ರ ವ್ಯವಸ್ಥೆಯಿಂದಲೋ ವರ್ಣತಂತುಗಳ ಸಂಖ್ಯೆ ಬದಲಾದದ್ದರಿಂದಲೋ ಹುಟ್ಟಿದವು. ಬಂಜೆ ಎಂಬ ಪದದ ತರ್ಕದ ಪ್ರಕಾರ ಇಂಥ ಗಿಡ ಎಂದೋ ಅಳಿದಿರಬೇಕಿತ್ತು. ಅಳಿಯಲಿಲ್ಲ. ಬಳೆಯಲ್ಲಿ ಒಂದು ಬಿಟ್ಟು ಒಂದು ವರ್ಣತಂತು ಒಂದೊಂದು ಕಡೆಗೆ ಹೋಗುವಂತೆ ಹಂಚಿಕೆಯನ್ನೇ ಅದು ಪಳಗಿಸಿಕೊಂಡಿದೆ. ಬದಲಾದ ಕ್ರಮದೊಂದಿಗೆ ಬಾಳುವುದನ್ನು ಗಿಡ ಕಲಿಯಬಲ್ಲದು.

ನಮ್ಮ ತಟ್ಟೆಗೂ ಬರೋಣ. ಎಲ್ಲ ಬ್ರೆಡ್ ಗೋಧಿಯ ಒಂದು ವರ್ಣತಂತುವಿನಲ್ಲಿ ಬೇರೆ ವರ್ಣತಂತುಗಳಿಂದ ಬಂದ ತುಂಡುಗಳಿವೆ. ಮನುಷ್ಯ ಗೋಧಿ ಬಿತ್ತುವುದಕ್ಕೂ ಮೊದಲಿನ ಸ್ಥಾನಾಂತರಗಳವು. 1956ರಲ್ಲಿ ಅರ್ನೆಸ್ಟ್ ಸಿಯರ್ಸ್ ಇದನ್ನೇ ಬೇಕೆಂದು ಮಾಡಿದ. ಎಲೆತುಕ್ಕು ರೋಗವನ್ನು ತಡೆಯುವ ಜೀನ್ ಒಂದು ಕಾಡುಹುಲ್ಲಿನ ವರ್ಣತಂತುವಿನಲ್ಲಿತ್ತು. ಎಕ್ಸ್-ಕಿರಣದಿಂದ ಅದನ್ನು ಮುರಿದು, ಆ ತುಂಡು ಗೋಧಿಯ ವರ್ಣತಂತುವಿಗೆ ಬೆಸೆದುಕೊಂಡ ಗಿಡವನ್ನು ಸಾವಿರಾರು ಸಸಿಗಳ ನಡುವಿನಿಂದ ಹೆಕ್ಕಿ ತೆಗೆದ. ಮುಂಬೈಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಟಿಎಜಿ-24 ಶೇಂಗಾ ಕರ್ನಾಟಕದ ಹೊಲಗಳಿಗೂ ಬಂದಿದೆ. ಅದರ ವಂಶದಲ್ಲಿ ವಿಕಿರಣಕ್ಕೊಡ್ಡಿದ ಗಿಡಗಳಿವೆ. ಜಗತ್ತಿನಲ್ಲಿ ಹೀಗೆ ಉತ್ಪರಿವರ್ತನೆಯಿಂದ ಬಂದ ತಳಿಗಳು 3,000ಕ್ಕೂ ಹೆಚ್ಚು ದಾಖಲಾಗಿವೆ. ವಿಕಿರಣ ತಾಕಿದ ಗಿಡವೆಲ್ಲ ಬಂಜೆಯಾಗಿದ್ದರೆ ಈ ಕಾಯಿ ಯಾರು ಕೊಟ್ಟರು?

ಇಷ್ಟಕ್ಕೇ ಹೊಗಳುಭಟರು ಚಪ್ಪಾಳೆ ತಟ್ಟುವುದು ಬೇಡ. ಒಂದು ಒಳ್ಳೆಯ ತಳಿಯ ಹಿಂದೆ ಸಾವಿರಾರು ಹಾಳಾದ ಸಸಿಗಳಿವೆ. ಕಿರಣದ ಪ್ರಮಾಣ ಹೆಚ್ಚಿದರೆ ತುಂಡುಗಳು ಕಳೆದೇ ಹೋಗುತ್ತವೆ, ಜೀನ್‌ಗಳು ನಾಶವಾಗುತ್ತವೆ. ಬೀಜವೇ ಕಟ್ಟದ ಗಿಡಗಳೂ ಬರುತ್ತವೆ. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ನನ್ನ ತಕರಾರು ಇಷ್ಟೇ: ಗರಿ ಕಳೆದ ಕಟ್ಟಿಗೂ ಗರಿ ಅದಲುಬದಲಾದ ಕಟ್ಟಿಗೂ ಒಂದೇ ಹೆಸರಿಟ್ಟರೆ ಸಂಪಾದಕ ಕೆಲಸ ಮಾಡಲಾರ. ಒಂದು ನಷ್ಟ, ಇನ್ನೊಂದು ಮರುಜೋಡಣೆ. ಎರಡನ್ನೂ ಬಂಜೆ ಎಂದು ಮುಗಿಸುವುದು ಸೋಮಾರಿತನ.

ಈಗ ಪದಕ್ಕೆ ಬರುತ್ತೇನೆ. ಬಂಜೆ ಸಂಸ್ಕೃತದ ವಂಧ್ಯಾ ಶಬ್ದದ ತದ್ಭವ. ಕನ್ನಡಕ್ಕೆ ಅದು ಬಂದದ್ದು ಹೆಂಗಸಾಗಿಯೇ; ಅದಕ್ಕೆ ಜೊತೆಯಾಗುವ ಗಂಡು ರೂಪ ನಮ್ಮಲ್ಲಿಲ್ಲ. ಗಂಡಸಿನ ಬಗ್ಗೆ ಹೇಳಬೇಕಾದಾಗ ಬೇರೆಯೇ ಪದಗಳು ಬರುತ್ತವೆ, ಅವು ಮಕ್ಕಳ ಮಾತಿಗಿಂತ ಪೌರುಷದ ಮಾತಾಡುತ್ತವೆ. 12ನೇ ಶತಮಾನದ ವಚನದಲ್ಲೂ ಬಂಜೆ ನೋವನ್ನು ಅರಿಯದವಳಿಗೆ ಉಪಮೆಯಾಗಿ ನಿಂತಿದ್ದಾಳೆ. ಇಂಥ ಭಾರ ಹೊತ್ತ ಪದವನ್ನು ಸಸ್ಯಶಾಸ್ತ್ರಕ್ಕೆ ತಂದು ಪರಾಗದ ಮುಂದೆ ಕೂರಿಸಿ, ಆಮೇಲೆ ಗಂಡು ಬಂಜೆತನ ಎಂಬ ಸಮಾಸ ಕಟ್ಟಿ ಒದ್ದಾಡುತ್ತೇವೆ. ಸ್ಥಾನಾಂತರದ ಗಿಡದಲ್ಲಿ ನಷ್ಟ ಪರಾಗಕ್ಕೂ ಅಂಡಕಕ್ಕೂ ಸರಿಸುಮಾರು ಸಮ. ಪದ ಮಾತ್ರ ಒಂದೇ ಕಡೆ ನೋಡುತ್ತದೆ.

ಇದು ಬರಿಯ ಪಾರಿಭಾಷಿಕ ಪದ, ಇಷ್ಟೇಕೆ ಎಳೆದಾಟ ಎನ್ನುವವರಿದ್ದಾರೆ. ಅವರಿಗೊಂದು ಪ್ರಶ್ನೆ. ಬಾಳೆಯನ್ನು ನಾವೇಕೆ ಬಂಜೆ ಎನ್ನುವುದಿಲ್ಲ? ನಂಜನಗೂಡಿನ ರಸಬಾಳೆಯಲ್ಲಿ ಬೀಜವಿಲ್ಲ. ಅದರಲ್ಲಿ ವರ್ಣತಂತುಗಳು ಮೂರು ಮೂರಾಗಿರುವುದು ಒಂದು ಕಾರಣ. ಬಾಳೆಯ ಎಷ್ಟೋ ತಳಿಗಳು ಸ್ಥಾನಾಂತರಗಳನ್ನೂ ಹೊತ್ತಿವೆ. ಅವು ಬೀಜವಿಲ್ಲದಿರುವುದಕ್ಕೆ ಅದೂ ಸೇರುತ್ತದೆ. ಶಾಸ್ತ್ರದ ಲೆಕ್ಕದಲ್ಲಿ ಮೆಕ್ಕೆಜೋಳದ ಅರ್ಧ ತೆನೆಗಿಂತ ಬಾಳೆಯ ಸ್ಥಿತಿ ಬಹಳ ಹೆಚ್ಚಿನದು. ಆದರೂ ಮದುವೆಯ ಚಪ್ಪರಕ್ಕೆ ಬಾಳೆಕಂಬವೇ ಬೇಕು, ಉಡಿ ತುಂಬಲು ಬಾಳೆಹಣ್ಣೇ ಬೇಕು. ಮಕ್ಕಳಾಗದ ಹೆಂಗಸನ್ನು ಅದೇ ಚಪ್ಪರದಲ್ಲಿ ಹಿಂದೆ ನಿಲ್ಲಿಸುವ ಜನ ಬೀಜವಿಲ್ಲದ ಬಾಳೆಯನ್ನು ಮುಂದೆ ನಿಲ್ಲಿಸುತ್ತಾರೆ. ಪದ ಬರಿಯ ಪಾರಿಭಾಷಿಕವಾಗಿದ್ದರೆ ಎರಡಕ್ಕೂ ಒಂದೇ ಅಳತೆ ಇರುತ್ತಿತ್ತು. ಅದು ತೀರ್ಪು, ಬೇಕಾದ ಕಡೆ ಕೊಡುತ್ತೇವೆ, ಬೇಡವಾದ ಕಡೆ ಬಿಡುತ್ತೇವೆ.

ಈ ತೀರ್ಪು ಹೊಲದಲ್ಲಿ ನಿಲ್ಲುವುದಿಲ್ಲ, ಮನೆಗೆ ಬರುತ್ತದೆ. ಸುಮಾರು 500 ಜನರಲ್ಲಿ ಒಬ್ಬರು ಇಂಥದೇ ಸ್ಥಾನಾಂತರ ಹೊತ್ತು ಓಡಾಡುತ್ತಿರುತ್ತಾರೆ. ಬಹುಪಾಲು ಜನರಿಗೆ ಅದು ಗೊತ್ತೇ ಇರುವುದಿಲ್ಲ, ಏಕೆಂದರೆ ಅವರು ಆರೋಗ್ಯವಾಗಿರುತ್ತಾರೆ. ಅವರಲ್ಲಿ ಒಂದು ಗರಿಯೂ ಕಳೆದಿಲ್ಲ. ಆದರೆ ಗಿಡಕ್ಕೂ ಮನುಷ್ಯರಿಗೂ ಇಲ್ಲೊಂದು ದೊಡ್ಡ ವ್ಯತ್ಯಾಸ. ಗಿಡದಲ್ಲಿ ಲೆಕ್ಕ ತಪ್ಪಿದ ಪರಾಗ ತನ್ನದೇ ಜೀನ್‌ಗಳನ್ನು ನೆಚ್ಚಿ ಬೆಳೆಯಬೇಕಾದ್ದರಿಂದ ಅಲ್ಲೇ ಸಾಯುತ್ತದೆ. ಮನುಷ್ಯರಲ್ಲಿ ಲೆಕ್ಕ ತಪ್ಪಿದ ವೀರ್ಯಾಣುವೂ ಈಜಬಲ್ಲದು, ಅಂಡಾಣುವೂ ಫಲಿಸಬಲ್ಲದು. ತಪ್ಪಿರುವುದು ಹೊರಬೀಳುವುದು ಗರ್ಭ ನಿಂತ ಮೇಲೆ. ಗಿಡದಲ್ಲಿ ಖಾಲಿ ಕಾಳಾಗಿ ಮುಗಿಯುವುದು ಇಲ್ಲಿ ಗರ್ಭಪಾತವಾಗಿ ಒಬ್ಬಳ ಮೈಯಲ್ಲಿ ನಡೆಯುತ್ತದೆ.

ಮತ್ತೆ ಮತ್ತೆ ಗರ್ಭಪಾತವಾಗುವ ದಂಪತಿಗಳಲ್ಲಿ ನೂರಕ್ಕೆ ಎರಡರಿಂದ ಐದು ಜೋಡಿಗಳಲ್ಲಿ ಇಬ್ಬರಲ್ಲೊಬ್ಬರು ಇಂಥ ಮರುಜೋಡಣೆ ಹೊತ್ತಿರುತ್ತಾರೆ. ಇಬ್ಬರಲ್ಲೊಬ್ಬರು ಎಂಬುದನ್ನು ಒತ್ತಿ ಓದಿ. ಅದು ಗಂಡನೂ ಆಗಿರಬಹುದು. ತಿಳಿಯಲು ಇಬ್ಬರ ರಕ್ತದ ವರ್ಣತಂತು ಪರೀಕ್ಷೆ ಸಾಕು. ಆದರೆ ನಮ್ಮ ಊರುಮನೆಗಳಲ್ಲಿ ಮೊದಲು ಪರೀಕ್ಷೆಗೆ ಹೋಗುವವಳು ಯಾರು, ಹರಕೆ ಹೊರುವವಳು ಯಾರು, ಎರಡನೆಯ ಮದುವೆಯ ಮಾತು ಎದ್ದಾಗ ಅಡುಗೆಮನೆಯಲ್ಲಿ ತಲೆ ತಗ್ಗಿಸುವವಳು ಯಾರು? ಪದ ಮೊದಲೇ ಆರಿಸಿಟ್ಟಿದೆ. ಸ್ಥಾನಾಂತರ ಹೊತ್ತವರಿಗೂ ಆರೋಗ್ಯವಂತ ಮಕ್ಕಳು ಹುಟ್ಟುತ್ತಾರೆ, ಸರಿಯಾದ ಪಾಲು ಬಿದ್ದಾಗ. ಇದನ್ನು ಹೇಳಿಕೊಡಬೇಕಾದ ಜೀವಶಾಸ್ತ್ರದ ಪಾಠವೇ ಬಂಜೆ ಎಂದು ಶುರುವಾದರೆ, ಅದನ್ನು ಓದಿ ಬೆಳೆದವನು ನಾಳೆ ಮನೆಯಲ್ಲಿ ಬೇರೇನು ಹೇಳಿಯಾನು?

ಇನ್ನೊಂದು ಅಪಾಯಕ್ಕೂ ಬಾಗಿಲು ಹಾಕಬೇಕು. ಎರಡು ಕ್ರಮಗಳು ಬೆರೆತಾಗ ನಷ್ಟ ಎಂದೆನಲ್ಲ, ಅದನ್ನು ಹಿಡಿದು ಬೆರಕೆ ಕೆಟ್ಟದ್ದು, ಕುಲ ಕಾಪಾಡಿಕೊಳ್ಳಿ ಎನ್ನುವವರು ಬಂದೇ ಬರುತ್ತಾರೆ. ಅವರು ಪಾಠವನ್ನು ಓದಿಲ್ಲ. ಇಲ್ಲಿನ ಜಗಳ ಮೇಲುಕೀಳಿನದಲ್ಲ, ಗರಿಗಳ ಜೋಡಣೆಯದು. ಜೋಡಣೆ ಒಂದೇ ಆಗಿದ್ದರೆ ಬೇರೆ ಬೇರೆ ತಳಿಗಳ ಬೆರಕೆಯಿಂದ ಬಲವಾದ ಬೆಳೆ ಬರುತ್ತದೆಂದು ಹೈಬ್ರಿಡ್ ಮೆಕ್ಕೆಜೋಳ ಬಿತ್ತುವ ಯಾವ ರೈತನೂ ಹೇಳುತ್ತಾನೆ. ಮನುಷ್ಯರ ಜಾತಿಗಳಿಗೆ ಬೇರೆ ಬೇರೆ ವರ್ಣತಂತು ಜೋಡಣೆಯಿಲ್ಲ. ಸ್ಥಾನಾಂತರ ಯಾವ ಮನೆಯಲ್ಲಾದರೂ ಕಾಣಿಸಬಹುದು. ಶುದ್ಧಿಯ ಮಾತೇ ಬೇಕೆಂದರೆ ಇದನ್ನೂ ಕೇಳಿಸಿಕೊಳ್ಳಲಿ: ಮನುಷ್ಯನ 2ನೇ ವರ್ಣತಂತು ನಮ್ಮ ಪೂರ್ವಜರ ಎರಡು ವರ್ಣತಂತುಗಳು ತುದಿಗೆ ತುದಿ ಬೆಸೆದು ಆದದ್ದು. ಚಿಂಪಾಂಜಿಗಳಲ್ಲಿ ಅವು ಇಂದಿಗೂ ಬೇರೆ ಬೇರೆಯಾಗಿವೆ. ನಾವೆಲ್ಲರೂ ಒಂದು ಮರುಜೋಡಣೆಯ ಮಕ್ಕಳು.

ಬಂಜೆ ಬೇಡವಾದರೆ ಏನು ಹೇಳಬೇಕು? ಹೊಸ ಪದಕ್ಕಾಗಿ ಸಂಸ್ಕೃತದ ಬಾಗಿಲು ತಟ್ಟಬೇಕಿಲ್ಲ. ಕಣದಲ್ಲಿ ಮೊರ ಹಿಡಿದು ತೂರುವವರಲ್ಲಿ ಪದವಿದೆ: ಜೊಳ್ಳು. ಕಾಳಾಗಬೇಕಿತ್ತು, ಆಗಲಿಲ್ಲ; ತೂರಿದರೆ ಹಾರುತ್ತದೆ. ಈ ಪದ ತಾಯಿಗಿಡದ ಮೇಲೆ ಆರೋಪ ಹೊರಿಸುವುದಿಲ್ಲ. ಒಂದೊಂದು ಕಾಳಿನ ಬಗ್ಗೆ ಬಿಡಿಬಿಡಿಯಾಗಿ ಹೇಳುತ್ತದೆ. ಸ್ಥಾನಾಂತರದ ಗಿಡದಲ್ಲಿ ವಿಜ್ಞಾನ ಹೇಳುವುದೂ ಅದನ್ನೇ: ಕೆಟ್ಟದ್ದು ಗಿಡವಲ್ಲ, ಆ ಪರಾಗದ ಕಣ, ಆ ಅಂಡಕ. ಬಿಳಿಚಿದ ಪರಾಗ ಜೊಳ್ಳು ಪರಾಗ. ಹಲ್ಲುದುರಿದ ತೆನೆ ಅರೆಜೊಳ್ಳು ತೆನೆ. ಅರ್ಧ ಕಾಳು ಕಟ್ಟುವ ಗಿಡ ಅರೆಜೊಳ್ಳಿನ ಗಿಡ. ಗಂಡು ಹೆಣ್ಣೆಂಬ ಭೇದ ಈ ಪದಕ್ಕಿಲ್ಲ, ಅಳತೆಗೆ ಬಗ್ಗುತ್ತದೆ, ನೂರಕ್ಕೆ ಇಷ್ಟು ಜೊಳ್ಳು ಎಂದು ಎಣಿಸಲೂ ಬರುತ್ತದೆ. ಪರಿಭಾಷೆಗೆ ಇನ್ನೇನು ಬೇಕು?

ಪಠ್ಯ ಬರೆಯುವವರು, ಅನುವಾದಿಸುವವರು, ಕನ್ನಡದಲ್ಲಿ ಜೀವಶಾಸ್ತ್ರ ಕಲಿಸುವವರು ಮುಂದಿನ ಸಲ ಆ ವಾಕ್ಯ ಬರೆಯುವಾಗ ಒಂದು ಗಳಿಗೆ ನಿಲ್ಲಲಿ. ವಿಕಿರಣ ತಾಕಿದ ಗಿಡದಲ್ಲಿ ಎಷ್ಟು ಪರಾಗ ಜೊಳ್ಳಾಯಿತು, ಏಕೆ ಜೊಳ್ಳಾಯಿತು, ಮುಂದಿನ ತಲೆಮಾರಿನಲ್ಲಿ ಯಾವ ಗಿಡ ತೆನೆ ತುಂಬಿತು ಎಂದು ಬರೆಯಲಿ. ಒಂದು ಸಾಲು ಹೆಚ್ಚಾದೀತು, ಆಗಲಿ. ಬಂಜೆ ಎಂದು ಬರೆದರೆ ಸಾಲು ಉಳಿಯುತ್ತದೆ, ಪ್ರಶ್ನೆ ಸಾಯುತ್ತದೆ.